ಊಟದಕ್ಕನನ್ನು ಊರಿಗೆ ತಂದವರು

ಬಿಸಿಲಿಗೆ ಅವರು ಕೊಡೆ ಹಿಡಿದದ್ದನ್ನು ನಾನು ನೋಡಲೇ ಇಲ್ಲ. ಮೈಕ್‌ಸೆಟ್ಟಿನ ಅಲ್ಯೂಮಿನಿಯಂ ಹಾರ್ನನ್ನೇ ತಲೆಯ ಮೇಲೆ ಕವುಚಿಕೊಂಡು, ಇನ್ನೊಂದನ್ನು ಹೆಗಲಿಗೆ ತಗಲಿಸಿಕೊಂಡು, ಹಗರಿಬೊಮ್ಮನಹಳ್ಳಿಯ ಬಸ್‌ಸ್ಟ್ಯಾಂಡಿನಿಂದ ನಮ್ಮ ಓಣಿಗೆ ನಡೆದು ಬರುತ್ತಿದ್ದರು. ದೂರದಿಂದ ನೋಡಿದರೆ ದೊಡ್ಡದೊಂದು ಉಮ್ಮತ್ತಿ ಹೂವು ಬೋರಲಾಗಿ ತಾನೇ ನಡೆದು ಬಂದ ಹಾಗೆ. ಹತ್ತಿರ ಬಂದ ಮೇಲೆ ಹೂವಿನ ನೆರಳಲ್ಲಿ ಒಂದು ಕಪ್ಪು ಮುಖ, ಎಲೆಅಡಿಕೆಯ ತುಟಿ, ನಗೆ. "ಸಣ್ಣಮ್ಮಾರ, ಒಂದು ಚರಿಗಿ ನೀರು ಕೊಡ್ರಿ" ಎಂದು ಕಟ್ಟೆಯ ಕೆಳಗೇ ನಿಲ್ಲುತ್ತಿದ್ದರು.

ಊರೆಲ್ಲ ಅವರನ್ನು ಮೈಕ್‌ಸೆಟ್ನಾತ ಎನ್ನುತ್ತಿತ್ತು. ಕೆರೆಯಾಚೆಯ ಕೇರಿಯಲ್ಲಿ ಅವರ ಮನೆ. ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಅಂಗಡಿ. ಒಂದು ಆಂಪ್ಲಿಫೈಯರ್, ಒಂದು ರೆಕಾರ್ಡ್ ಪ್ಲೇಯರ್, ನಾಲ್ಕು ಹಾರ್ನ್. ಇವಿಷ್ಟರ ಮೇಲೆ ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ಮದುವೆಗಳೆಲ್ಲ ನಡೆಯುತ್ತಿದ್ದವು. ಗಿಡ ಹತ್ತಿ ಹಾರ್ನ್ ಕಟ್ಟುವ ಕೆಲಸವನ್ನು ಮಾತ್ರ ಅವರು ಯಾರಿಗೂ ಬಿಟ್ಟವರಲ್ಲ. ಕಟ್ಟಿ ಇಳಿದ ಮೇಲೆ ಹೆಜ್ಜೆ ಹಾಕುತ್ತ ಊರ ಕೊನೆಯ ಮನೆಯವರೆಗೆ ಹೋಗಿ, ಕಿವಿಗೊಟ್ಟು ನಿಂತು ಕೇಳಿ, ವಾಪಸ್ಸು ಬಂದು ಮತ್ತೆ ಗಿಡ ಹತ್ತುತ್ತಿದ್ದರು. ವಾಟ್ ಡಿಸಿಪ್ಲಿನ್ ಅಂತ ನನಗೆ ಆಶ್ಚರ್ಯ.

ನಾನು ಬಳ್ಳಾರಿಯ ಕಾನ್ವೆಂಟಿನಲ್ಲಿ ಓದಿದವಳು. ಹಾಸ್ಟೆಲಿನಲ್ಲಿ ಬೆಲ್ ಹೊಡೆದರೆ ಪ್ರೇಯರ್, ಬೆಲ್ ಹೊಡೆದರೆ ಊಟ. ಫೋರ್ಕನ್ನು ಯಾವ ಕೈಯಲ್ಲಿ ಹಿಡಿಯಬೇಕು ಎಂದು ಸಿಸ್ಟರ್‌ಗಳಿಂದ ಪ್ರಾಪರ್ ಆಗಿ ಕಲಿತು, ಶೇಂಗಾ ಅಡತಿ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದೆ. ಬಂದ ಹೊಸದರಲ್ಲಿ ಒಂದು ಮಧ್ಯಾಹ್ನ ಈ ಮೈಕ್‌ಸೆಟ್ಟಿನವರು ಟವಲಿನಲ್ಲಿ ಸುತ್ತಿದ ರೆಕಾರ್ಡೊಂದನ್ನು ತಂದರು. ಸಂಡೂರಿನ ಗಣಿಗೆ ಮೆಷಿನ್ ಕೂಡಿಸಲು ಬಂದಿದ್ದ ಯಾರೋ ಫಾರಿನ್ ಎಂಜಿನಿಯರ್ ಬಿಟ್ಟುಹೋದದ್ದಂತೆ. ಹೊಸಪೇಟೆಯ ಗುಜರಿ ಅಂಗಡಿಯಲ್ಲಿ ಸಿಕ್ಕಿತ್ತು. ಕವರಿನ ಮೇಲೆ ಗಿಡ್ಡ ಕೂದಲಿನ ಹುಡುಗಿ, ಕೈಯಲ್ಲಿ ಗಿಟಾರ್.

"ಅಮ್ಮಾರ, ಏನು ಬರದೈತಿ ಓದಿ ಹೇಳ್ರಿ. ಯಾವ ಟೈಮಿಗೆ ಹಾಕೋ ಹಾಡು ಇದು?"

ಓದಲು ಹೋದೆ. ಅಕ್ಷರ ಇಂಗ್ಲಿಷು, ಭಾಷೆ ಇಂಗ್ಲಿಷಲ್ಲ. ಕೆಳಗೆ ಫಿನ್‌ಲ್ಯಾಂಡ್ ಎಂದಿತ್ತು, ಅದೊಂದು ತಿಳಿಯಿತು.

"ಇದು ನನಗೆ ಬರೋದಿಲ್ಲ."

ಅವರು ರೆಕಾರ್ಡನ್ನು ಮತ್ತೆ ಟವಲಿನಲ್ಲಿ ಸುತ್ತಿಕೊಂಡು, "ಹಂಗಾರ ಕಾನ್ವೆಂಟ್ನಾಗ ಏನು ಕಲಿಸ್ಯಾರ್ರಿ ನಿಮಗ?" ಎಂದರು. ಒಳಗೆ ಕೂತಿದ್ದ ನಮ್ಮ ಅತ್ತೆ ಸೆರಗು ಬಾಯಿಗಿಟ್ಟುಕೊಂಡು ನಕ್ಕದ್ದು ನನಗೆ ಕೇಳಿಸಿತು.

ಆ ರೆಕಾರ್ಡಿಗೆ ಟೈಮು ಸಿಕ್ಕಿದ್ದು ತಂಬ್ರಹಳ್ಳಿಯ ಒಂದು ಮದುವೆಯಲ್ಲಿ. ಅಕ್ಷತೆ ಮುಗಿದಿತ್ತು, ಅಡಿಗೆ ಆಗಿತ್ತು. ಊಟಕ್ಕೆ ಬರ್ರಿ ಎಂದು ಕೂಗಬೇಕೆನ್ನುವಾಗ ಕೈಯಲ್ಲಿ ಹಿಡಿಯುವ ಮೈಕು ಕೆಟ್ಟಿತು. ರೆಕಾರ್ಡ್ ಓಡುತ್ತಿತ್ತು, ಮಾತು ಹೋಗುತ್ತಿರಲಿಲ್ಲ. ಇವರು ಕ್ಷಣ ಯೋಚಿಸಿ ಆ ಫಿನ್‌ಲ್ಯಾಂಡಿನ ಹುಡುಗಿಯನ್ನು ಹಚ್ಚಿದರು. "ಗೊತ್ತಿರೋ ಹಾಡು ಹಾಕಿದ್ರ ಕುಂತಲ್ಲೇ ಕೇಳ್ತಾರ. ಗೊತ್ತಿಲ್ಲದ್ದು ಹಾಕಿದ್ರ ಏನಿದು ಅಂತ ಎದ್ದು ಬರ್ತಾರ" ಎಂಬುದು ಅವರ ಲೆಕ್ಕ. ಜನ ಬಂದರು. ಬಂದು ನೋಡಿದರೆ ಎಲೆ ಹಾಕಿತ್ತು.

ಅಷ್ಟೇ. ಮುಂದಿನ ಮದುವೆಯಲ್ಲಿ ಯಾರೋ ತಾವಾಗಿಯೇ ಕೇಳಿದರು, "ಆ ಊಟದ ಹಾಡು ಹಾಕೋದಿಲ್ಲೇನು?" ಎರಡು ಮೂರು ಬೇಸಿಗೆ ಕಳೆಯುವುದರೊಳಗೆ ಹಂಪಸಾಗರದಿಂದ ಮಾಗಳದವರೆಗೆ ಆ ದನಿ ಕೇಳಿದರೆ ಜನ ಕೈ ತೊಳೆಯಲು ಏಳುತ್ತಿದ್ದರು. ಅವಳಿಗೊಂದು ಹೆಸರೂ ಬಂತು: ಊಟದಕ್ಕ. "ಊಟದಕ್ಕ ಹಾಡಿದ್ಲೇನು?" ಎಂದರೆ ಅಡಿಗೆ ಆಯಿತೇ ಎಂದರ್ಥ. ಬೇರೆ ಮೈಕ್‌ಸೆಟ್ಟಿನವರು ಟೇಪಿಗೆ ತುಂಬಿಸಿಕೊಳ್ಳಲು ಬಂದರೆ ಇವರು ಇಲ್ಲ ಎನ್ನುತ್ತಿರಲಿಲ್ಲ. ಒಂದೇ ಷರತ್ತು. "ನಾಕೂ ಕಡಿ ಹಾರ್ನ್ ಕಟ್ಟತೀಯೇನು? ಕಟ್ಟೋದಾದ್ರ ಒಯ್ಯಿ."

ಆ ಷರತ್ತಿನ ಅರ್ಥ ನನಗಾದದ್ದು ನಮ್ಮ ಮೈದುನನ ಮದುವೆಯಲ್ಲಿ.

ನಮ್ಮ ಕಡೆ ಊಟಕ್ಕೆ ಕರೆಯುವುದು ದೊಡ್ಡ ಮರ್ಯಾದೆ. ಕರೆಯದೆ ಯಾರೂ ಹೋಗುವುದಿಲ್ಲ, ಹೋಗಬಾರದು. ಒಬ್ಬ ಮನುಷ್ಯ ಮನೆಮನೆಗೆ ಹೋಗಿ ಬಾಗಿಲಲ್ಲಿ ನಿಂತು ಹೇಳಿ ಬರಬೇಕು. ಆದರೆ ಆ ಮನುಷ್ಯನ ಕಾಲು ಕೆರೆಯ ಏರಿಯವರೆಗೆ ಮಾತ್ರ. ಕೇರಿಗೆ ಕರೆ ಇರುತ್ತಿರಲಿಲ್ಲ. ಎಲ್ಲರದೂ ಮುಗಿದ ಮೇಲೆ ಯಾರಾದರೂ ಹೇಳಿ ಕಳಿಸುತ್ತಿದ್ದರು, ಇಲ್ಲವೆಂದರೆ ಇಲ್ಲ. ಊಟದಕ್ಕ ಬಂದ ಮೇಲೆ ಇದು ಕೆಟ್ಟಿತು. ನಾಲ್ಕು ಹಾರ್ನಿನಲ್ಲಿ ಒಂದರ ಮುಖ ಯಾವಾಗಲೂ ಕೇರಿಗೆ. ಓಣಿಯವರು ಕೈ ತೊಳೆಯುವ ಹೊತ್ತಿಗೆ ಅವರೂ ಕೈ ತೊಳೆದುಕೊಂಡು ಬಂದು ಪೆಂಡಾಲಿನ ಬಾಯಿಗೆ ನಿಲ್ಲುತ್ತಿದ್ದರು. ಕರೆದಿದ್ದಾರೆ, ಬಂದಿದ್ದಾರೆ. ಹೋಗಿ ಎನ್ನುವುದು ಹೇಗೆ?

ಹೆಣ್ಣಿನ ಕಡೆಯ ಬೀಗರು ಹರಪನಹಳ್ಳಿಯ ದೊಡ್ಡ ವ್ಯಾಪಾರಸ್ಥರು. ನಮ್ಮ ಮಾವನವರಿಗೆ ಕಳವಳ. ಅಡಿಗೆ ಆಗುತ್ತಿದ್ದಂತೆ ಬೇವಿನ ಗಿಡದ ಬುಡಕ್ಕೆ ಹೋದರು. ನಾನು ಹೋಳಿಗೆಯ ಬುಟ್ಟಿ ಹೊರುತ್ತ ಅಲ್ಲೇ ಹಾಯುತ್ತಿದ್ದೆ.

"ಲೇ, ಆ ಕೇರಿ ಕಡಿ ಹಾರ್ನ್ ಇತ್ತಾಗ ತಿರುವು."

"ಯಾಕ್ರಿ ಸಾವ್ಕಾರ್ರ?"

"ಬೀಗರದು ಮುಗೀಲಿ. ಆಮ್ಯಾಲ ಕೇರಿಗೆ ಹೇಳಿ ಕಳಿಸಿದ್ರಾತು."

ಮೈಕ್‌ಸೆಟ್ಟಿನವರು ರೆಕಾರ್ಡನ್ನು ಒರೆಸುತ್ತಿದ್ದರು. ಒರೆಸುತ್ತಲೇ ಹೇಳಿದರು, "ನನ್ನ ಮನೀನೂ ಅತ್ತಾಗ ಐತ್ರಿ. ನನ್ನ ಹೇಂತಿ, ಮಗಳು ಹಾಡು ಬರ್ಲಿ ಅಂತ ಕುಂತಿರ್ತಾರ. ನಾ ಹಾಕಿದ ಹಾಡು ನನ್ನ ಮನಿಗೇ ಕೇಳಬಾರದಂದ್ರ ಹೆಂಗ್ರಿ?"

"ತಿರುವ್ತೀಯೋ ಇಲ್ಲೋ?"

"ತಿರುವಂಗಿಲ್ರಿ. ಬೇಕಂದ್ರ ಇಳಿಸ್ತೀನಿ."

ಮಾವನವರು ಒಂದು ಮಾತು ಹೇಳಿದರೆ ಅಡತಿ ಅಂಗಡಿಯವರ ಯಾವ ಮನೆಯ ಮದುವೆಗೂ ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಅದು ಮೈಕ್‌ಸೆಟ್ಟಿನವರಿಗೆ ಗೊತ್ತಿತ್ತು. ಆದರೂ ಗಿಡ ಹತ್ತಿದರು. ನಾಲ್ಕೂ ಹಾರ್ನ್ ಒಂದೊಂದಾಗಿ ಇಳಿಸಿ ನೆಲದ ಮೇಲೆ ಸಾಲಾಗಿ ಇಟ್ಟು, ರೆಕಾರ್ಡನ್ನು ಟವಲಿನಲ್ಲಿ ಸುತ್ತಿ, ಮಡಿಲಲ್ಲಿ ಇಟ್ಟುಕೊಂಡು ಕೂತರು.

ಮುತ್ತುಗದ ಎಲೆ ಹಾಕಿ ಆಯಿತು. ಉಪ್ಪು, ಉಪ್ಪಿನಕಾಯಿ ಬಡಿಸಿ ಆಯಿತು. ಯಾರೂ ಬರಲಿಲ್ಲ. ಮಾವನವರು ಕರೆಯುವವನನ್ನು ಅಟ್ಟಿದರು. ಅವನು ಹೋದ ದಾರಿಯಲ್ಲೇ ತಿರುಗಿ ಬಂದ.

"ಇನ್ನೂ ಹಾಡಿಲ್ಲಲ್ಲ ಅಂತಾರ್ರಿ."

"ನೀ ಕರದಿಯಲ್ಲೋ?"

"ಕರದೀನ್ರಿ. ಆ ಮೂಲಿ ಮನಿ ಅಜ್ಜಿ ಏನಂದ್ಲು ಗೊತ್ತೇನ್ರಿ? ನಿನ್ನ ಮಾತು ನಂಬಿ ಬಂದು ಬಾಗಲಾಗ ನಿಲ್ಲಾಕ ನಾನೇನು ಗತಿಗೆಟ್ಟಾಕಿ ಏನಲೇ, ಅಕಿ ಕರೀಲಿ ಬರ್ತೀನಿ, ಅಂದ್ಲು."

ಅನ್ನ ಆರುತ್ತಿತ್ತು. ಕಟ್ಟಿನ ಸಾರಿನ ವಾಸನೆ ಪೆಂಡಾಲಿನ ತುಂಬ. ಕಡೆಗೆ ಆ ಹರಪನಹಳ್ಳಿಯ ದೊಡ್ಡ ಬೀಗರೇ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು, "ಏನ್ ಬೀಗ್ರೆ, ನಿಮ್ಮೂರಾಗ ಊಟಕ್ಕೆ ಯಾರೋ ಫಾರಿನ್ ಅಕ್ಕ ಕರೀತಾಳಂತಲ್ಲ, ಎಲ್ಲಿ? ಕೇಳಬೇಕು ಅಂತ ನಮ್ಮ ಹೆಣ್ಮಕ್ಕಳು ಕಾಯ್ತಾ ಅದಾರೆ" ಎಂದರು.

ಮಾವನವರು ಕೈಗಡಿಯಾರ ನೋಡಿಕೊಂಡರು. ನಮ್ಮ ಅತ್ತೆ ನೋಡಿಕೊಳ್ಳಲಿಲ್ಲ. ಗಂಡಸರ ನಡುವೆ ಹಾದು ನೇರ ಬೇವಿನ ಗಿಡಕ್ಕೆ ಹೋಗಿ, "ಹತ್ತಪ್ಪಾ. ಮೊದಲು ಹೆಂಗ ಕಟ್ಟಿದ್ದಿ, ಹಂಗ ಕಟ್ಟು" ಎಂದರು.

ಅವತ್ತು ಊಟದಕ್ಕ ಹಾಡಿದ್ದನ್ನು ನಾನು ಮರೆತಿಲ್ಲ. ಓಣಿಯಿಂದಲೂ ಏರಿಯಿಂದಲೂ ಜನ ಒಟ್ಟಿಗೇ ಬಂದರು. ಕೇರಿಯವರು ಕೂತ ಸಾಲು ಬೇರೆಯೇ ಇತ್ತು, ಸುಳ್ಳು ಹೇಳಲಾರೆ. ಆದರೆ ಕೂತದ್ದು ಮೊದಲ ಪಂಕ್ತಿಗೆ. ಅತ್ತೆ ಆ ಸಾಲಿಗೆ ತಾವೇ ಹೋಳಿಗೆ ಬಡಿಸಿದರು. ಅಲ್ಲಿ ಮೈಕ್‌ಸೆಟ್ಟಿನವರ ಹೆಂಡತಿಯ ಪಕ್ಕ ಎರಡು ಜಡೆಯ ಮಗಳು ಕೂತು ತಿನ್ನುತ್ತಿದ್ದಳು. ಸಾಲು ಒಂದಾಗಲು ಇನ್ನೂ ಎಷ್ಟೋ ವರ್ಷ ಬೇಕಾದವು. ಮಾವನವರೇನೂ ಬದಲಾದವರಲ್ಲ, ಆದರೆ ಮುಂದಿನ ಮದುವೆಗೂ ಮೈಕ್‌ಸೆಟ್ಟಿಗೆ ಅವರಿಗೇ ಹೇಳಿ ಕಳಿಸಿದರು. "ಸೊಕ್ಕಿನ ಮನುಷ್ಯಾ, ಆದ್ರ ಸೌಂಡ್ ಛಲೋ ಐತಿ" ಅಂತ.

ಈಗ ಹಾರ್ನ್ ಹೋಗಿವೆ. ಮೇಣಬತ್ತಿ ಹಚ್ಚಿದ ಕೇಕಿನ ಫಂಕ್ಷನ್ನಿನಲ್ಲೂ ಕಪ್ಪು ಪೆಟ್ಟಿಗೆಯ ಡಿಜೆ. ಆದರೂ ಕಲ್ಯಾಣಮಂಟಪದಲ್ಲಿ ಊಟದ ಹೊತ್ತಿಗೆ ಊಟದಕ್ಕ ಬೇಕೇ ಬೇಕು. ಡಿಜೆ ಹುಡುಗರು ಅವಳ ಹಿಂದೆ ಏನೇನೋ ಬಡಿತ ಸೇರಿಸಿದ್ದಾರೆ, ಐ ಡೋಂಟ್ ಲೈಕ್ ಇಟ್, ಆದರೆ ದನಿ ಅದೇ.

ಹೋದ ಚಳಿಗಾಲದಲ್ಲಿ ಫಿನ್‌ಲ್ಯಾಂಡಿನಿಂದ ರೇಡಿಯೋದ ಹುಡುಗಿಯೊಬ್ಬಳು ಬಂದಳು. ಅವಳು ಹೇಳಿದ್ದು ಇಷ್ಟು: ಆ ಗಾಯಕಿ ತನ್ನ ದೇಶದಲ್ಲಿ ಒಂದೆರಡು ರೆಕಾರ್ಡ್ ಮಾಡಿ, ಯಾರೂ ಕೇಳಲಿಲ್ಲವೆಂದು ಬಿಟ್ಟು, ಪೋಸ್ಟಾಫೀಸಿನಲ್ಲಿ ಕೆಲಸಕ್ಕೆ ಸೇರಿದವಳು. ಯಾರೋ ಆ ಹಳೇ ಹಾಡನ್ನು ಇಂಟರ್ನೆಟ್ಟಿಗೆ ಹಾಕಿದ್ದಾರೆ. ಅದರ ಕೆಳಗೆ ಬರೀ ದುಂಡನೆಯ ಕನ್ನಡ ಅಕ್ಷರದ ಕಾಮೆಂಟುಗಳು. ಅನುವಾದ ಮಾಡಿ ನೋಡಿದರೆ, ಹೋಳಿಗೆ ನೆನಪಾಯಿತು, ಊಟ ಆಯ್ತಾ, ಹಸಿವಾಯಿತು. ಈ ಪ್ರೇಮಗೀತೆಗೂ ಊಟಕ್ಕೂ ಏನು ಸಂಬಂಧ ಎಂದು ಕೇಳಿಕೊಂಡು ಅಷ್ಟು ದೂರದಿಂದ ಬಂದಿದ್ದಳು. ಇಂಗ್ಲಿಷ್ ಮಾತಾಡುವ ಮುದುಕಿ ಎಂದು ಯಾರೋ ನನ್ನ ಮನೆ ತೋರಿಸಿದ್ದರು.

ನಮ್ಮ ಹಾಲಿನಲ್ಲಿ ಜನ ಸೇರಿದರು. ರಿಟೈರ್ಡ್ ಲೆಕ್ಚರರ್ ಒಬ್ಬರು ಆ ಧಾಟಿ ನಮ್ಮ ಒಂದು ರಾಗಕ್ಕೆ ಹತ್ತಿರ ಎಂದರು. ಡಿಜೆ ಹುಡುಗ ಟೆಂಪೋ ಎಂದ. ನಾನು ಮೈಕ್‌ಸೆಟ್ಟಿನವರಿಗೆ ಫೋನ್ ಮಾಡಿಸಿದೆ. ಆ ಎರಡು ಜಡೆಯ ಮಗಳು ಈಗ ತಾಲ್ಲೂಕು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ಅಪ್ಪನನ್ನು ಸ್ಕೂಟಿಯ ಹಿಂದೆ ಕೂಡಿಸಿಕೊಂಡು ಕರೆತಂದಳು. ಅವರ ಕಣ್ಣಿಗೆ ಆಪರೇಷನ್ ಆಗಿ ಕಪ್ಪು ಕನ್ನಡಕ. ನನ್ನ ಪಕ್ಕದ ಸೋಫಾದಲ್ಲಿ ಕೂತು ಪ್ರಶ್ನೆ ಪೂರ್ತಿ ಕೇಳಿಸಿಕೊಂಡರು.

"ಅಮ್ಮಾರ, ಈಕಿಗೆ ಹಿಂಗ ಹೇಳ್ರಿ. ಛಲೋ ಹಾಡೋರು ಬಾಳ ಮಂದಿ ಅದಾರ. ನಮ್ಮನ್ನ ಕರದಾಕಿ ಒಬ್ಬಾಕಿ."

ಲೆಕ್ಚರರ್ ನಗುತ್ತ, "ನನ್ನ ರಾಗ ಬಿಟ್ಟಬಿಡ್ರಿ ಮೇಡಂ, ಇದನ್ನ ಬರಕೊಳ್ಳಾಕ ಹೇಳ್ರಿ" ಎಂದರು. ನಾನು ಹೇಳಿದೆ. ಕರೆ ಎಂದರೇನು, ಏರಿ ಎಂದರೇನು, ನಾಲ್ಕು ಹಾರ್ನ್ ಏಕೆ, ಎಲ್ಲ ಹೇಳಿದೆ. ಹೇಳುತ್ತ ನನ್ನ ದನಿ ಏರಿತ್ತು. ಐ ವಾಸ್ ಪ್ರೌಡ್. ಈಗಲೂ.

ಆ ಹುಡುಗಿ ಹಾಡಿನ ಅರ್ಥ ಹೇಳಲು ಶುರು ಮಾಡಿದಳು. ಮೈಕ್‌ಸೆಟ್ಟಿನವರು ಕೈ ಎತ್ತಿದರು. "ಬ್ಯಾಡ್ರಿ. ಇಷ್ಟು ವರ್ಷ ಉಂಡಾದ ಮ್ಯಾಲ ಈಗ್ಯಾಕ ಅದು?" ಆಮೇಲೆ ಕೇಳಿದರು, "ಅಕಿ ಅದಾಳೇನು?"

ಇದ್ದಾಳೆ. ಸಮುದ್ರದ ದಂಡೆಯ ಸಣ್ಣ ಊರಲ್ಲಿ, ಒಬ್ಬಳೇ.

"ಮೈಕ್ ಕೊಡ್ರಿ ಇತ್ತಾಗ" ಎಂದರು. ಆ ಬೆರಳುದ್ದದ ಮೈಕನ್ನು ತಿರುಗಿಸಿ ಮುರುಗಿಸಿ ನೋಡಿ, ಬಾಯಿಂದ ಒಂದು ಗೇಣು ದೂರ ಹಿಡಿದರು.

"ಅಕ್ಕಾರ, ನಾನು ಬೊಮ್ಮನಹಳ್ಳಿ ಮೈಕ್‌ಸೆಟ್ನಾವ. ನೀವು ನಮ್ಮ ಕಡಿ ಎಲ್ಲಾರನ್ನೂ ಊಟಕ್ಕ ಕರದೀರಿ. ನಿಮ್ಮನ್ನ ಯಾರೂ ಕರದಿಲ್ಲ. ತಪ್ಪು ತಿಳಕೋಬ್ಯಾಡ್ರಿ. ನಮ್ಮ ಮನಿಗೆ ಊಟಕ್ಕ ಬರ್ರಿ. ಮನಿ ಮಂದಿ ಎಲ್ಲಾರನ್ನೂ ಕರಕೊಂಡು ಬರ್ರಿ."

"ಪ್ಲೀಸ್ ಕಮ್ ಹೋಮ್ ಫಾರ್ ಲಂಚ್" ಎಂದೆ.

"ಅಷ್ಟೇ ಆತೇನ್ರಿ? ನಾ ಇಷ್ಟು ಹೇಳಿದೆ."

ಆಗ ಕೂತು ಒಂದೊಂದೇ ಮಾತು ಬಿಡಿಸಿ ಹೇಳಬೇಕಾಯಿತು.

ಹಾಡಿದ ಆ ಮುದುಕಿಗೆ ಬರುವ ಶಕ್ತಿ ಇರಲಿಲ್ಲ. ಈ ಕರೆಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು ಕೇಳಿದಳಂತೆ. ಊಟಕ್ಕೆ ಏನಿರುತ್ತದೆ ಎಂದು ಕೇಳಿ ಕಳಿಸಿದ್ದಳು. "ಹೋಳಿಗಿ ಅಂತ ಬರೀರಿ. ತುಪ್ಪ ಬ್ಯಾರೆ ಅಂತ ಬರೀರಿ" ಎಂದರು ಇವರು.

ಯುಗಾದಿಗೆ ಇನ್ನೂ ಕೆಲವು ದಿನ ಇರುವಾಗ ಮೈಕ್‌ಸೆಟ್ಟಿನವರು ನಿದ್ದೆಯಲ್ಲೇ ಹೋದರು. ಕೇರಿಯವರು, ಓಣಿಯವರು, ಕೊಟ್ಟೂರು, ಹಡಗಲಿಯ ಮೈಕ್‌ಸೆಟ್ಟಿನವರು ಎಲ್ಲ ಬಂದಿದ್ದರು. ನಾನು ಹೋಗಿ ಅವರ ಮಗಳ ಕೈ ಹಿಡಿದುಕೊಂಡು ಕೂತೆ. ನನ್ನ ಕಾನ್ವೆಂಟಿನ ಸಿಸ್ಟರ್‌ಗಳು ಹೇಗೆ ಉಣ್ಣಬೇಕೆಂದು ಕಲಿಸಿದ್ದರು. ಯಾರ ಜೊತೆ ಉಣ್ಣಬೇಕೆಂದು ಕಲಿಸಿದವರು ಇವರು.

ರೇಡಿಯೋದಲ್ಲಿ ಆ ಕಾರ್ಯಕ್ರಮ ಬಂದದ್ದು ಅವರು ಹೋಗುವುದಕ್ಕೆ ಹದಿನೈದು ದಿನ ಮುಂಚೆ. ಅವರ ಮನೆಯ ಪಡಸಾಲೆಯಲ್ಲಿ, ಬುದ್ಧನ ಫೋಟೋದ ಕೆಳಗೆ ಕೂತು ಕೇಳಿದೆವು. ಮಗಳು ಮೊಬೈಲ್ ಹಿಡಿದಿದ್ದಳು. ಏನೂ ತಿಳಿಯದ ಮಾತುಗಳ ನಡುವೆ ಒಮ್ಮೆಲೇ, ಅನುವಾದವಿಲ್ಲದೆ, ಇವರ ದನಿ: ಊಟಕ್ಕ ಬರ್ರಿ. ನನಗೆ ಕಣ್ಣು ತುಂಬಿತು. ಅವರು ಮಾತ್ರ ತಲೆ ಓರೆ ಮಾಡಿ ಕೇಳಿ, ಮುಖ ಸಿಂಡರಿಸಿದರು.

"ಸೌಂಡ್ ಸಾಲದು. ಇದು ಈ ಪಡಸಾಲಿ ದಾಟಂಗಿಲ್ಲ."

"ಅಪ್ಪಾ, ಅದು ಫೋನ್ ಸೌಂಡು. ಅಲ್ಲಿ ರೇಡಿಯೋದಾಗ ಬರಾಕತ್ತೈತಿ. ಎಲ್ಲಾರ ಮನ್ಯಾಗೂ ಕೇಳ್ತೈತಿ."

"ಎಲ್ಲಾರ ಮನ್ಯಾಗೂ?"

"ಹೂಂ. ಇಡೀ ದೇಶದಾಗ."

ಅವರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಗೋಡೆಗೆ ಒರಗಿದರು.

"ಹಂಗಾರ ಆತು ಬಿಡು."