ಅಪ್ಪಣೆ ಮಾವ

ಬೀದಿಯವರು ದರ್ಜಿಗೆ ಅಪ್ಪಣೆ ಮಾವ ಎಂದು ಹೆಸರಿಟ್ಟಿದ್ದು ಸುಮ್ಮನೆ ಅಲ್ಲ. ಗೋಡೆಯ ಮೇಲೆ ‘ಇಲ್ಲಿ ನಿಲ್ಲಬೇಡಿ’ ಎಂದು ಬರೆದಿದ್ದರೆ, ಅದನ್ನು ಓದಲೂ ನಿಲ್ಲದೆ ನಡೆಯುತ್ತಲೇ ಓದಿ ಮುಗಿಸುವ ಆಸಾಮಿ. ಬಸ್ಸಿನಲ್ಲಿ ‘ಚಾಲಕರೊಂದಿಗೆ ಮಾತನಾಡಬೇಡಿ’ ಎಂದಿದೆಯಲ್ಲ ಎಂದು, ಎದುರುಮನೆಯ ಬಸ್ ಡ್ರೈವರ್ ಪ್ಯಾಂಟಿನ ಅಳತೆ ಕೊಡಲು ಬಂದರೂ ಅವನೊಡನೆ ಕೈಸನ್ನೆಯಲ್ಲೇ ವ್ಯವಹಾರ. ಇಂಥವನ ಜೇಬಿನಲ್ಲಿ ಒಂದು ಮಧ್ಯಾಹ್ನ ಮೊಬೈಲು ಅರಚಿಕೊಂಡಿತು: ‘ಇದು ಸರ್ಕಾರದ ತುರ್ತು ಎಚ್ಚರಿಕೆಯ ಪರೀಕ್ಷೆ. ನೀವು ಏನೂ ಮಾಡಬೇಕಾಗಿಲ್ಲ.’ ಬೀದಿಯವರು ಬೆಚ್ಚಿದರು, ಬೈದರು, ಮರೆತರು. ಮಾವ ಮಾತ್ರ ತುಳಿಯುತ್ತಿದ್ದ ಹೊಲಿಗೆ ಯಂತ್ರ ಬಿಟ್ಟು, ಕುರ್ಚಿಯನ್ನು ಗೋಡೆಗೆ ಎಳೆದುಕೊಂಡು ಕೈಕಟ್ಟಿ ಕೂತ. “ಸಂಜೆಗೆ ಮದುಮಗನ ಕೋಟು ಕೊಡ್ಬೇಕಲ್ಲ ಅಣ್ಣಾ!” ಎಂದು ಗುಂಡಿ ಹಾಕುತ್ತಿದ್ದ ತಂಗಿ ಬಾಯಿ ಬಡಿದುಕೊಂಡಳು. “ಏನೂ ಮಾಡೋ ಹಾಗಿಲ್ಲ ಕಣೇ. ಮತ್ತೆ ಶುರು ಮಾಡಿ ಅಂತ ಅವರೇ ಹೇಳ್ತಾರೆ.” “ಹೇಳ್ದೇ ಹೋದ್ರೆ?” ಮಾವ ಮೊಬೈಲು ನೋಡಿದ, ತೋಳು ಅರ್ಧವೇ ಹೊಲಿದಿದ್ದ ಕೋಟು ನೋಡಿದ, ಮತ್ತೆ ಮೊಬೈಲು ನೋಡಿದ. ಮದುಮಗನೇ ಬಂದು ಬಾಗಿಲಲ್ಲಿ ನಿಂತರೂ ಕಟ್ಟಿದ ಕೈ ಬಿಚ್ಚಲಿಲ್ಲ. ಆಗ ತಂಗಿ ಮೆಲ್ಲಗೆ, “ಅಣ್ಣಾ, ನಿನ್ನ ಕಾಲು ನೋಡ್ಕೋ,” ಎಂದಳು. ಬಗ್ಗಿ ನೋಡಿದರೆ, ಬರೀ ನೆಲದ ಮೇಲೆ ಎರಡು ಪಾದಗಳೂ ಯಂತ್ರ ತುಳಿಯುತ್ತಲೇ ಇವೆ. ಮೊಣಕಾಲುಗಳನ್ನು ಎರಡೂ ಕೈಯಿಂದ ಒತ್ತಿ ಹಿಡಿದ; ಅವು ನಿಲ್ಲಲಿಲ್ಲ. ಮಾವ ದಿಕ್ಕು ತೋಚದೆ ತಂಗಿಯ ಮುಖ ನೋಡಿದ: “ಇದನ್ನ ನಿಲ್ಸೋದು ಹೇಗೆ ಅಂತ ನಂಗೆ ಯಾರೂ ಹೇಳ್ಕೊಟ್ಟೇ ಇಲ್ವಲ್ಲೇ!”