ಆ ಹುಡುಗನ ಮೇಲೆ ಹೊಟ್ಟೆಕಿಚ್ಚು

ನನ್ನ ಹೆಂಡತಿ ಕಾಲೇಜು ಮೇಷ್ಟ್ರುಗಳಿಗೇ ಪಾಠ ಹೇಳುತ್ತಾಳೆ. ಹಿಂದಿನ ಬೆಂಚಿನವರು, ಕಿವಿ ಮಂದವಾದವರು, ಮನೆಯಲ್ಲಿ ಬೇರೆ ಭಾಷೆ ಮಾತಾಡುವವರು, ಯಾರನ್ನೂ ಬಿಟ್ಟುಬಿಡದೆ ಕಲಿಸುವುದು ಹೇಗೆ ಅಂತ. ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟವನು. ತಮಿಳುನಾಡಿಗೆ ಸೇರಿದ ಮಸಿನಗುಡಿಯಲ್ಲಿ ಜೀಪು ಓಡಿಸುತ್ತೇನೆ. ಜೀಪು ನನ್ನದೇ, ಯಾರ ಮುಂದೆಯೂ ಕೈ ಚಾಚಿದವನಲ್ಲ.

ಈ ವರ್ಷ ಅವಳ ತರಬೇತಿ ನಮ್ಮೂರಿನ ರೆಸಾರ್ಟಿನಲ್ಲೇ ನಡೆಯಿತು. ಊಟಿಯಿಂದ ಬಂದ ಮೇಷ್ಟ್ರುಗಳನ್ನು ಬಸ್ಸಿನಿಂದ ಇಳಿಸಿಕೊಂಡು ಅಲ್ಲಿಗೆ ಬಿಡುವ ಕೆಲಸ ನನ್ನದು. ಬಿಟ್ಟು, ತರಬೇತಿ ಹಾಲ್‌ನ ಕಿಟಕಿ ಪಕ್ಕ ಜೀಪು ನಿಲ್ಲಿಸಿಕೊಂಡೆ. ನೆರಳಿಗೆ ಅಂತ ಇನ್ನೊಬ್ಬ ಡ್ರೈವರಿಗೆ ಹೇಳಿದೆ.

"ನೆರಳು ಆ ಕಡೇನೂ ಇದೆಯಲ್ಲಣ್ಣ," ಅಂತ ನಕ್ಕ. "ಮೇಡಂಗೆ ಕಾವಲಾ?"

"ಮುಚ್ಕೊಂಡು ನಿನ್ನ ಟೈರ್ ನೋಡ್ಕೋ ಹೋಗೋ."

ಒಳಗೆ ಅವಳು ತಮಿಳಿನಲ್ಲಿ ಹೇಳುತ್ತಿದ್ದಳು: ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಿ, ಉತ್ತರ ಹುಟ್ಟುವವರೆಗೆ ಕಾಯಿರಿ. ಕನ್ನಡಕದ ಮೇಷ್ಟ್ರೊಬ್ಬರು ಎದ್ದು ಏನೋ ತಡವರಿಸಿದರು. ಅವಳು ತಲೆ ವಾಲಿಸಿ, ಮುಗುಳ್ನಗುತ್ತಾ ಕಾದಳು. ಕಾದೇ ಕಾದಳು. ನನ್ನ ಹೊಟ್ಟೆಯೊಳಗೆ ಮೆಣಸಿನಕಾಯಿ ಸುಟ್ಟ ಹಾಗಾಯಿತು. ಮನೆಯಲ್ಲಿ ನಾನು "ಇವತ್ತು ಮೋಯಾರ್ ದಾರೀಲಿ" ಅಂತ ಬಾಯಿ ತೆಗೆದರೆ ಸಾಕು, "ಆನೆ ನಿಂತಿತ್ತು ತಾನೆ? ಕೈ ತೊಳ್ಕೊಂಡು ಬನ್ನಿ, ಅನ್ನ ಆರುತ್ತೆ," ಅನ್ನುವವಳು ಇವಳೇ.

ಆಮೇಲೆ ಒಂದು ಕಥೆ ಹೇಳಿದಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಅಂಥ ಒಬ್ಬ ಹುಡುಗ. ಮಳೆ ಹೇಗೆ ಬರುತ್ತದೆ ಅಂತ ಮೇಷ್ಟ್ರು ಕೇಳಿದರೆ ಅವನಿಗೆ ಗೊತ್ತು. ಅದನ್ನು ಮನಸ್ಸಿನಲ್ಲೇ ತಮಿಳಿಗೆ ತಿರುಗಿಸುವಷ್ಟರಲ್ಲಿ ಮೇಷ್ಟ್ರು ಪಕ್ಕದವನನ್ನು ಕೇಳಿರುತ್ತಿದ್ದರು. ದಿನಾ ಹಾಗೇ. ಒಂದು ದಿನ ಹುಡುಗ ಶಾಲೆಗೆ ಹೋಗುವುದನ್ನೇ ಬಿಟ್ಟ.

ಅದು ನಾನು. ಮದುವೆಯಾದ ಹೊಸದರಲ್ಲಿ ಒಮ್ಮೆ ಹೇಳಿದ್ದೆ. ಆಗ ಅವಳು ಹೂಂ ಅಂದು ದೀಪ ಆರಿಸಿದ್ದಳು.

ಕನ್ನಡಕದವರು ಕನ್ನಡಕ ತೆಗೆದು ಒರೆಸಿಕೊಂಡರು. "ಪಾಪ, ಆ ಹುಡುಗ ಆಮೇಲೆ ಏನಾದ?" ಅಂತ ಎಲ್ಲರೂ ಕೇಳುವವರೇ. "ಚೆನ್ನಾಗಿದಾನೆ," ಅಂದಳು, ನಾನು ಎಂದೂ ಕೇಳದಷ್ಟು ಮೆತ್ತಗೆ. ಬೆಳಿಗ್ಗೆ ಇದೇ ಜನ ನನ್ನ ಜೀಪಿನಲ್ಲಿ ಕೂತು ಜಿಂಕೆ ಎಲ್ಲಿ, ಟೀ ಎಲ್ಲಿ ಅಂತಷ್ಟೇ ಕೇಳಿದ್ದರು. ನಿಜ ಹೇಳುತ್ತೇನೆ, ನನಗೆ ಆ ಕನ್ನಡಕದ ಮೇಷ್ಟ್ರಿಗಿಂತ ಆ ಹುಡುಗನ ಮೇಲೆಯೇ ಹೆಚ್ಚು ಹೊಟ್ಟೆ ಉರಿಯಿತು. ಎಷ್ಟೊಂದು ಅಕ್ಕರೆ ಅವನಿಗೆ!

ಸಂಜೆ ಅವಳು ಜೀಪಿನ ಮುಂದಿನ ಸೀಟಿನಲ್ಲಿ ಕೂತಳು. ಸ್ವಲ್ಪ ದೂರ ಬಂದ ಮೇಲೆ ಅಂದೆ, "ಆ ಹುಡುಗ ಅಂದ್ರೆ ನಿಂಗೆ ತುಂಬಾ ಪ್ರೀತಿ ಅಲ್ವಾ?"

"ಅಯ್ಯೋ, ಕೇಳಿಸ್ಕೊಂಡ್ರಾ? ಹೆಸರು ಹೇಳಲಿಲ್ಲವಲ್ಲ ರೀ, ನಾನು ಸುಮ್ನೆ ಒಂದು ಉದಾಹರಣೆಗೆ..."

"ಒಂದೇ ಮನೇಲಿ ಇದೀಯ ಅವನ ಜೊತೆ. ಒಂದು ಮಾತು ಮುಗಿಸೋಕೆ ಬಿಡ್ತೀಯಾ?"

ಏನೋ ಹೇಳಲು ಹೋದವಳು ಬಾಯಿ ಮುಚ್ಚಿದಳು. ಮುಂದೆ ಜಿಂಕೆ ಹಿಂಡು ರಸ್ತೆ ದಾಟುತ್ತಿತ್ತು. ಎಂಜಿನ್ ಆಫ್ ಮಾಡಿದೆ. ಅವಳು ನನ್ನ ಕಡೆ ತಿರುಗಿ, ಹಾಗೇ ತಲೆ ವಾಲಿಸಿ ಕಾದಳು. ಜಿಂಕೆಗಳೆಲ್ಲ ಹೋದವು, ಅವಳು ಕಾಯುತ್ತಲೇ ಇದ್ದಳು. ಇಷ್ಟು ವರ್ಷ ಕೂಡಿಟ್ಟಿದ್ದ ಮಾತು ಒಂದೂ ಬಾಯಿಗೆ ಬರಲಿಲ್ಲ.

"ನಾಳೆ ನಾನೂ ಒಳಗೆ ಕೂತ್ಕೋತೀನಿ," ಅಂದೆ ಕೊನೆಗೆ. "ಮುಂದಿನ ಸಾಲಲ್ಲಿ."

"ನೀವು ಎದುರಿಗೆ ಕೂತ್ರೆ ನಂಗೆ ಮಾತೇ ಬರಲ್ಲ ರೀ."

"ಪರವಾಗಿಲ್ಲ, ಕಾಯ್ತೀನಿ. ಆ ಕನ್ನಡಕದವರನ್ನ ಮಾತ್ರ ಹಿಂದೆ ಕೂರಿಸು."