ಕೆಟಲಿನ ತಳದ ಬಿಳಿ

ನಮ್ಮ ಸ್ಟೀಲ್ ಪಾತ್ರೆಗಳು ಎರಡು ವರ್ಷ ಮುಚ್ಚಿಟ್ಟಿದ್ದನ್ನು ಆ ಗಾಜಿನ ಕೆಟಲ್ ಎಂಟೇ ದಿನಕ್ಕೆ ಬಯಲು ಮಾಡಿತು. ಕಾಯಿಸಿದ ನೀರನ್ನು ಬಗ್ಗಿಸಿಕೊಂಡ ಮೇಲೆ ನೋಡಿದರೆ ತಳದಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳಗೆ ಏನೋ ಕೂತಿತ್ತು. ಅಮ್ಮ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಸುತ್ತ ತಿರುಗಿಸಿ ನೋಡಿದಳು.

"ಇದೇ ಅಲ್ವೇನೇ ನನ್ನೊಳಗೂ ಕೂತಿರೋದು?" ಎಂದಳು.

ರಾಜಾಜಿನಗರದ ವಠಾರವನ್ನು ಓನರು ಕೆಡವಿಸಿದ ಮೇಲೆ ನಾವಿಬ್ಬರೂ, ಅಂದರೆ ಅಮ್ಮ ಮತ್ತು ನಾನು, ಶ್ರೀಗಂಧದ ಕಾವಲಿನ ಒಂದು ಮೊದಲ ಮಹಡಿಗೆ ಬಾಡಿಗೆಗೆ ಬಂದಿದ್ದೆವು. ಅಲ್ಲಿ ನಲ್ಲಿ ತಿರುಗಿಸಿದರೆ ಕಾವೇರಿ. ಇಲ್ಲಿ ಬೋರ್‌ವೆಲ್, ಅದು ಕೈಕೊಟ್ಟರೆ ಟ್ಯಾಂಕರ್. ತಲೆಗೆ ಸೋಪು ಹಾಕಿದರೆ ನೊರೆ ಬರದು, ಬೇಳೆ ಬೇಯದು, ಬಕೆಟ್ಟಿನ ಅಂಚಿಗೆಲ್ಲ ಬಿಳಿ ಪಟ್ಟೆ. ಬಂದ ಎರಡನೇ ವರ್ಷ ಅಮ್ಮನ ಬಲಗಡೆಯ ಕಿಡ್ನಿಯಲ್ಲಿ ಕಲ್ಲು ಸಿಕ್ಕಿಕೊಂಡು, ಆಪರೇಷನ್ ಆಗಿ, ಆ ಕಿಡ್ನಿ ಅರ್ಧ ಕೆಲಸ ಬಿಟ್ಟಿತು. ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದ್ದರು: "ಇನ್ನೊಂದು ಕಡೆ ಕಲ್ಲಾದ್ರೆ ಕಷ್ಟ ಇದೆ. ನೀರಿನ ಮೇಲೆ ತಪ್ಪು ಹೊರಿಸ್ಬೇಡಿ. ನೀರು ಕಡಿಮೆ ಕುಡಿದಿದ್ದೇ ತಪ್ಪು. ದಿನಕ್ಕೆ ಮೂರು ಲೀಟರ್ ಒಳಗೆ ಹೋಗ್ಲೇಬೇಕು."

ಆ ಕೆಟಲ್ ಆಫೀಸಿನಲ್ಲಿ ವರ್ಷದ ಕೊನೆಗೆ ಎಲ್ಲರಿಗೂ ಕೊಟ್ಟ ಉಡುಗೊರೆ. ಕರೆಂಟಿನದು, ಒಂದೂವರೆ ಲೀಟರಿನದು, ಗಾಜಿನ ಮೇಲೆ ಅಳತೆಯ ಗೆರೆಗಳಿದ್ದವು. ನನಗೆ ಬೇಕಾಗಿದ್ದೇ ಆ ಗೆರೆಗಳು. ಅಮ್ಮ ಬೆಚ್ಚಗಿನ ನೀರನ್ನೇ ಕುಡಿಯುವವಳು. ಬೆಳಿಗ್ಗೆ ಒಂದು ಕೆಟಲ್, ಮಧ್ಯಾಹ್ನ ಒಂದು ಕೆಟಲ್ ಖಾಲಿಯಾದರೆ ಲೆಕ್ಕ ಸರಿಹೋಯಿತು. ಸಂಜೆ ನಾಯಂಡಹಳ್ಳಿಯ ಟ್ರಾಫಿಕ್ಕಿನಲ್ಲಿ ಒಂದು ಗಂಟೆ ಬೆಂದು ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಕೆಟಲ್ ನೋಡುತ್ತಿದ್ದೆ. ಕಾನ್‌ಸ್ಟೇಬಲ್ ಬುದ್ಧಿ ನನ್ನದು. ನಾಲ್ಕು ಮಾತಿನಲ್ಲಿ ತಿಳಿಹೇಳುವ ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ.

ಬಿಳಿಯನ್ನು ನೋಡಿದ ಅಮ್ಮ ನೀರು ಕಡಿಮೆ ಮಾಡಿದಳು. ಕೆಟಲಿನ ನೀರು ಅರ್ಧದ ಗೆರೆಗೇ ನಿಲ್ಲತೊಡಗಿತು. ಡಾಕ್ಟರು ಹೇಳಿದ್ದನ್ನು ಹತ್ತು ಸಲ ಹೇಳಿದೆ. "ಡಾಕ್ಟ್ರು ನೋಡಿದಾರಾ ಇದನ್ನ? ನಾನು ಕಣ್ಣಾರೆ ನೋಡ್ತಿದೀನಲ್ಲ" ಎಂದಳು. ಕ್ಯಾನ್ ನೀರು ತರಿಸಿದರೆ ಅದರಲ್ಲಿ ಔಷಧಿ ವಾಸನೆ ಎಂದು ಮುಟ್ಟಲಿಲ್ಲ. ಹಾಗಾಗಿ ಬಿಳಿ ಅವಳ ಕಣ್ಣಿಗೆ ಬೀಳದಂತೆ ಮಾಡುವುದೊಂದೇ ಉಪಾಯ ಎಂದು ನಾನು ತೀರ್ಮಾನಿಸಿದೆ.

ಅಂದಿನಿಂದ ದಿನಾ ಐದು ಗಂಟೆಗೆ, ಅವಳು ಏಳುವ ಮೊದಲು, ಅಡುಗೆಮನೆಯ ಬಾಗಿಲು ಓರೆಮಾಡಿಕೊಂಡು ಕೆಟಲಿನ ಒಳಗನ್ನು ತೊಳೆಯುತ್ತಿದ್ದೆ. ಅದರ ಬಾಯಿ ಚಿಕ್ಕದು, ನನ್ನ ಕೈ ಮಣಿಕಟ್ಟಿನವರೆಗೆ ಮಾತ್ರ ಹೋಗುತ್ತಿತ್ತು. ಬಳೆ ತೆಗೆದಿಟ್ಟು, ಸೌಟಿನ ಹಿಡಿಗೆ ಬಟ್ಟೆ ಸುತ್ತಿ ತಿಕ್ಕುತ್ತಿದ್ದೆ. ಲಿಂಬೆಹಣ್ಣಿನ ಹೋಳು ಹಾಕಿ ನೀರು ಕುದಿಸಿದೆ. ಹುಣಸೆಹಣ್ಣು ಕಿವುಚಿ ಹಾಕಿದೆ. ಒಂದು ಹಿಡಿ ಅಕ್ಕಿ, ಕಲ್ಲುಪ್ಪು ಹಾಕಿ ಗಲಗಲ ಅಲ್ಲಾಡಿಸಿದೆ, ಸದ್ದಿಗೆ ಅಮ್ಮ ಎದ್ದಾಳೆಂದು ಸೆರಗಿನಲ್ಲಿ ಸುತ್ತಿಕೊಂಡು ಅಲ್ಲಾಡಿಸಿದೆ. ಆರು ಗಂಟೆಗೆ ಹೊಳೆಯುವ ಕೆಟಲಿನಲ್ಲಿ ನೀರು ಕಾಯಿಸಿ ಅವಳ ಮಂಚದ ಪಕ್ಕ ಇಡುತ್ತಿದ್ದೆ.

ಉಪಾಯ ಫಲಿಸಿತು. ಎರಡೂ ಹೊತ್ತು ಕೆಟಲ್ ಖಾಲಿಯಾಗತೊಡಗಿತು. "ಕುಡ್ದ್ಯಾ?" ಎಂದರೆ "ಹೂಂ, ಪೂರ್ತಿ ಕುಡ್ದೆ ಕಣೇ" ಎನ್ನುತ್ತಿದ್ದಳು. ಆ ಬೇಸಿಗೆಯಲ್ಲಿ ಬೀದಿಯ ಗಿಡಗಳೆಲ್ಲ ಸೊರಗಿದ್ದರೂ ನಮ್ಮ ಹಿಂದಿನ ಬಾಲ್ಕನಿಯ ಪುದೀನ ಮಾತ್ರ ಕುಂಡ ತುಂಬಿ ಸೊಂಪಾಗಿ ಬೆಳೆದಿತ್ತು. ಅಮ್ಮನ ಕೈಗುಣ ಎಂದುಕೊಂಡು ವಾರಕ್ಕೆರಡು ಸಲ ಚಟ್ನಿ ಅರೆದೆ.

ಬೇಸಿಗೆ ಏರಿದಂತೆ ಬೋರ್ ನೀರು ಇನ್ನೂ ಗಡುಸಾಯಿತು. ತಳದ ಬಿಳಿ ಚಕ್ಕೆ ಕಟ್ಟಿತು. ಲಿಂಬೆಗೂ ಜಗ್ಗಲಿಲ್ಲ, ಹುಣಸೆಗೂ ಜಗ್ಗಲಿಲ್ಲ. ಒಂದು ಶನಿವಾರ ಬೆಳಿಗ್ಗೆ ಮುಕ್ಕಾಲು ಗಂಟೆ ತಿಕ್ಕಿ ಕೈ ಸೋತು, ನನಗೆ ರೇಗಿಹೋಯಿತು. ಬಚ್ಚಲಿನಲ್ಲಿ ಆಸಿಡ್ ಬಾಟಲಿಯಿತ್ತು. ನಮ್ಮ ಬೀದಿಯಲ್ಲಿ ಅದಿಲ್ಲದ ಮನೆಯಿರಲಿಲ್ಲ. ಸೈಕಲ್ಲಿನವನು ವಾರವಾರ ಕೂಗಿಕೊಂಡು ಬಂದು ಮಾರುತ್ತಿದ್ದ, ಬೋರ್ ನೀರಿನ ಕಲೆಗೆ ಬಕೆಟ್, ಟೈಲ್ಸ್, ನಲ್ಲಿ ಎಲ್ಲಕ್ಕೂ ಅದೇ ಮದ್ದು. ಬಕೆಟ್ಟಿಗೆ ಆಗುವುದು ಕೆಟಲಿಗೆ ಯಾಕಾಗಬಾರದು ಎಂದುಕೊಂಡೆ. ಕೆಟಲಿಗೆ ಮುಕ್ಕಾಲು ನೀರು ತುಂಬಿ ನಾಲ್ಕು ಮುಚ್ಚಳ ಆಸಿಡ್ ಸುರಿದೆ. ಬುಸ್ಸೆಂದು ನೊರೆಯೆದ್ದು, ಚಕ್ಕೆ ಕರಗಿ, ಐದೇ ನಿಮಿಷಕ್ಕೆ ತಳ ಹೊಸದರ ಹಾಗಾಯಿತು. ಗಾಜಿನೊಳಗೆ ತಿಳಿ ನೀರು. ಇನ್ನೊಂದು ಹತ್ತು ನಿಮಿಷ ನೆನೆಯಲಿ ಎಂದು ಮುಚ್ಚಳ ಮುಚ್ಚಿಟ್ಟೆ.

ಅಷ್ಟರಲ್ಲಿ ಕೆಳಗೆ ಟ್ಯಾಂಕರಿನ ಹಾರ್ನ್. "ಮೇಡಂ, ಸಂಪ್ ತೆಗೀರಿ, ಇನ್ನೂ ನಾಲ್ಕು ಮನೆ ಐತೆ!" ಎಂದು ಡ್ರೈವರ್ ಕೂಗಿದ. ಎದುರು ನಿಂತು ನೋಡದಿದ್ದರೆ ಅರ್ಧ ನೀರು ರಸ್ತೆಗೆ. ನಾನು ಓಡಿದೆ. ಪೈಪು ಹಿಡಿದು ನಿಂತವಳಿಗೆ, ನೆಲದಡಿಯ ಸಂಪು ಮುಕ್ಕಾಲು ತುಂಬಿದಾಗ, ಕೆಟಲಿನ ನೆನಪಾಯಿತು. ಆರೂವರೆ ಆಗಿತ್ತು. ಅಮ್ಮ ಎದ್ದಿರುವ ಹೊತ್ತು. ಪೈಪನ್ನು ಅಲ್ಲೇ ಎಸೆದು, ಒದ್ದೆ ಕಾಲಿನಲ್ಲಿ ಜಾರುತ್ತ ಮೆಟ್ಟಿಲು ಹತ್ತಿದೆ.

ಕೆಟಲ್ ಅಡುಗೆಮನೆಯಲ್ಲಿರಲಿಲ್ಲ. ಅಮ್ಮನ ಮಂಚದ ಪಕ್ಕದ ಸ್ಟೂಲಿನ ಮೇಲೆ ಇತ್ತು. ಖಾಲಿ. ಅಮ್ಮ ಮಂಚದ ಮೇಲೆ ಕೂತು ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಿದ್ದಳು.

"ನೀರು ಕುಡ್ದ್ಯಾ?"

"ಹೂಂ, ಪೂರ್ತಿ ಕುಡ್ದೆ."

ಅವಳ ಗಲ್ಲ ಹಿಡಿದು ಬಾಯಿ ತೆರೆಸಿ ನೋಡಿದೆ. "ಉರೀತಾ ಇದ್ಯಾ? ಹೇಳಮ್ಮ, ಗಂಟಲು ಉರೀತಾ ಇದ್ಯಾ?" ಎಂದು ಕಿರುಚಿದೆ. ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. "ಏನಾಯ್ತೇ ನಿಂಗೆ? ಕುಡ್ದೆ ಅಂದ್ನಲ್ಲ. ಚೆನ್ನಾಗೇ ಇತ್ತು ನೀರು."

"ಅದು ನೀರಲ್ಲಮ್ಮ, ಆಸಿಡ್! ಏಳು, ಆಸ್ಪತ್ರೆಗೆ ಹೋಗೋಣ, ಏಳು!"

ಅವಳು ಏಳಲಿಲ್ಲ. ಮುಖದ ಬಣ್ಣ ಮಾತ್ರ ಇಳಿಯಿತು. ನಾನು ರಟ್ಟೆ ಹಿಡಿದು ಎಳೆಯುತ್ತಿದ್ದರೆ ಅವಳು ನನ್ನ ಕೈಯನ್ನೇ ಗಟ್ಟಿಯಾಗಿ ಹಿಡಿದುಕೊಂಡಳು.

"ಕುಡೀಲಿಲ್ಲ ಕಣೇ" ಎಂದಳು, ಬಹಳ ಮೆಲ್ಲಗೆ.

ನಾನು ನಂಬಲಿಲ್ಲ. ಅವಳೇ ನನ್ನನ್ನು ಹಿಂದಿನ ಬಾಲ್ಕನಿಗೆ ಕರೆದುಕೊಂಡು ಹೋದಳು. ಪುದೀನ ಕುಂಡ ತೊಯ್ದಿತ್ತು. ಕುಂಡದಡಿಯಿಂದ ಹರಿದ ನೀರು ಸಿಮೆಂಟಿನ ಮೇಲೆ ಇನ್ನೂ ಸಣ್ಣಗೆ ನೊರೆ ಕಾರುತ್ತಿತ್ತು.

"ಒಂಥರಾ ವಾಸನೆ ಬಂತು. ಇವತ್ತು ಲಿಂಬೆಹಣ್ಣಿನ ಬದ್ಲು ಬೇರೆ ಏನೋ ಹಾಕಿ ತೊಳೆದಿದಾಳೆ ಅಂದ್ಕೊಂಡೆ. ದಿನಾ ಇಲ್ಲಿಗೇ ಹಾಕೋದು. ಒಂದು ಲೋಟ ಮಾತ್ರೆಗೆ ಇಟ್ಕೋತೀನಿ, ಅಷ್ಟೇ. ಇವತ್ತು ಆ ಒಂದು ಲೋಟ ಕೂಡ ಬೇಡ ಅನ್ನಿಸ್ತು."

ಬೈಯಲೋ, ದೇವರಿಗೆ ಕೈಮುಗಿಯಲೋ ತಿಳಿಯದೆ ನಾನು ಅಲ್ಲೇ ಒದ್ದೆ ನೆಲದಲ್ಲಿ ಕುಕ್ಕರಿಸಿದೆ. ಮೊದಲು ಬಂದದ್ದು ಸಿಟ್ಟೇ. ಎರಡು ತಿಂಗಳು ಐದು ಗಂಟೆಗೆ ಎದ್ದದ್ದು ಪುದೀನಕ್ಕಾಗಿಯೇ? ಆಮೇಲೆ ಅಳು ಬಂತು. ಅವಳು ಸೌಟಿನ ಹಿಡಿಯಿಂದ ನನಗೆ ಬಾರಿಸಿದ್ದರೂ ಸಮಾಧಾನವಾಗುತ್ತಿತ್ತು. ಅವಳು ನನ್ನ ಪಕ್ಕದಲ್ಲೇ ಕೂತಳು.

"ನಾನು ತೊಳೀತಿದ್ದಿದ್ದು ನಿಂಗೆ ಗೊತ್ತಿತ್ತಾ?" ಎಂದೆ.

"ಗೊತ್ತಿಲ್ದೆ ಏನು? ಐದು ಗಂಟೆಯಿಂದ ಕರಕರ ಅಂತ ಕೇಳ್ತಿತ್ತು. ಮಲಗಿದ ಹಾಗೇ ಕೇಳಿಸ್ಕೋತಿದ್ದೆ. ನೀನು ಅಷ್ಟು ಹೊತ್ತು ಉಜ್ಜಿದ್ರೂ ಹೋಗ್ತಾ ಇಲ್ವಲ್ಲ ಅಂತ ಭಯ ಆಗೋದು. ಕೆಟಲ್ ಆದ್ರೆ ನೀನು ಉಜ್ತೀಯ. ನನ್ನ ಹೊಟ್ಟೆ ಒಳಗೆ ಕೈ ಹಾಕಿ ಯಾರೇ ಉಜ್ಜೋರು?"

ಅವಳ ಭಯವನ್ನು ದಿನಾ ಬೆಳಗಾಗೆದ್ದು ತಿಕ್ಕಿ ತಿಕ್ಕಿ ಬೆಳೆಸಿದವಳು ನಾನೇ. "ತಪ್ಪಾಯ್ತಮ್ಮ" ಎಂದಷ್ಟೇ ಹೇಳಿದೆ.

ಕೆಟಲನ್ನು ಹಳೆಯ ಗೋಣಿಚೀಲದಲ್ಲಿ ಸುತ್ತಿ ಕಸಕ್ಕೆ ಹಾಕಿದೆ. ಸ್ಟೀಲ್ ಪಾತ್ರೆಯಲ್ಲಿ ನೀರು ಕಾಯಿಸಿದೆ. ತಳದಲ್ಲಿ ಬಿಳಿ ಇತ್ತು, ಈ ಸಲ ಮುಚ್ಚಿಡಲಿಲ್ಲ. ಎರಡು ಲೋಟಕ್ಕೆ ಬಗ್ಗಿಸಿ ಒಂದನ್ನು ಅವಳ ಮುಂದಿಟ್ಟೆ. ಅವಳು ಲೋಟ ಮುಟ್ಟಲಿಲ್ಲ.

"ಮೊದ್ಲು ನೀನು ಕುಡಿ" ಎಂದಳು.

ಕುಡಿದೆ. ನನ್ನ ಗಂಟಲು ಇಳಿಯುವುದನ್ನೇ ನೋಡುತ್ತಿದ್ದು, ಆಮೇಲೆ ತಾನೂ ಲೋಟ ಎತ್ತಿ ಪೂರ್ತಿ ಕುಡಿದಳು. "ಇನ್ನೊಂದು" ಎಂದೆ. "ನೀನೂ" ಎಂದಳು. ಆ ಶನಿವಾರ ಇಡೀ ದಿನ ಹಾಗೆಯೇ ನಡೆಯಿತು, ನನ್ನದೊಂದು, ಅವಳದೊಂದು. ರಾತ್ರಿ ಊಟದ ಹೊತ್ತಿಗೆ ನನ್ನ ಹೊಟ್ಟೆ ಉಬ್ಬಿ, ಅನ್ನ ಸೇರದೆ, ಬಚ್ಚಲಿಗೆ ಓಡಾಡಿ ಸುಸ್ತಾಗಿದ್ದೆ. ಮೂರು ಲೀಟರ್ ಎಂದರೆ ಎಷ್ಟು ನೀರು ಎಂದು ನನಗೆ ಗೊತ್ತಾದದ್ದು ಅವತ್ತೇ.